ಗಡಿಯ ಭಯವೂ ನಾಡಿನ ರಚನೆಯೂ: ಪುಣೆ–ಶ್ರೀರಂಗಪಟ್ಟಣಗಳ ನಡುವಣ ಕನ್ನಡ ಪ್ರದೇಶ

ಒಂದು ರಾಜ್ಯದ ಒಳರಚನೆಯನ್ನು ಅರಿಯಬೇಕಾದರೆ ಮೊದಲು ಅದರ ಗಡಿಗಳನ್ನು ನೋಡಬೇಕೆಂದು ಜರ್ಮನ್ ಇತಿಹಾಸಕಾರರಾದ ಆಟೋ ಹಿಂಟ್ಸೆ (೧೮೬೧–೧೯೪೦) ಅವರು ಪ್ರತಿಪಾದಿಸಿದರು. ಸೈನ್ಯರಚನೆಗೂ ರಾಜ್ಯರಚನೆಗೂ ಇರುವ ಸಂಬಂಧವನ್ನು ಕುರಿತು ೧೯೦೬ರಲ್ಲಿ ಅವರು ನೀಡಿದ ಉಪನ್ಯಾಸದ ಸಾರ ಇಷ್ಟೆ: ಒಳಗಿನ ವರ್ಗಗಳ ಕಲಹದಷ್ಟೇ ರಾಜ್ಯ ರಾಜ್ಯಗಳ ನಡುವಣ ಕಲಹವೂ ಸಮಾಜವನ್ನು ರೂಪಿಸುತ್ತದೆ, ಸಮುದ್ರದ ಕಾವಲಿನಲ್ಲಿ ಬಾಳಿದ ಇಂಗ್ಲೆಂಡು ಒಂದು ಬಗೆಯಾಗಿ, ನಾಲ್ಕೂ ದಿಕ್ಕಿಗೆ ಬಯಲಾಗಿದ್ದ ಪ್ರಶಿಯಾ ಇನ್ನೊಂದು ಬಗೆಯಾಗಿ ಬೆಳೆದುದು ಆಕಸ್ಮಿಕವಲ್ಲ.

ಪ್ರಶಿಯಾದ ಕಥೆ ಪ್ರಸಿದ್ಧವಾದುದು. ಮೂವತ್ತು ವರ್ಷಗಳ ಯುದ್ಧದಲ್ಲಿ (೧೬೧೮–೧೬೪೮) ಪರರ ದಂಡುಗಳ ಕಾಲ್ತುಳಿತಕ್ಕೆ ಸಿಕ್ಕಿ ನಲುಗಿದ ಆ ಮರಳುನೆಲದ ಅರಸರು, ತಮಗೆ ಪರ್ವತವೂ ಕಡಲೂ ಕೊಡದ ರಕ್ಷಣೆಯನ್ನು ಕಾಯಂ ದಂಡಿನಿಂದ ಪಡೆಯಲು ಹೊರಟರು. ೧೭೧೩ರಲ್ಲಿ ಸುಮಾರು ೪೦ ಸಾವಿರವಿದ್ದ ದಂಡು ೧೭೪೦ರ ಹೊತ್ತಿಗೆ ೮೦ ಸಾವಿರಕ್ಕೆ ಏರಿತು. ಆಗ ರಾಜ್ಯದ ಜನಸಂಖ್ಯೆ ೨೫ ಲಕ್ಷದೊಳಗೇ ಇದ್ದಿತು. ಆ ದಂಡನ್ನು ಸಾಕಲು ತೆರಿಗೆ, ತೆರಿಗೆಯನ್ನು ಎತ್ತಲು ಅಧಿಕಾರಿವರ್ಗ, ಅಧಿಕಾರಿವರ್ಗವನ್ನು ಪಳಗಿಸಲು ಶಿಕ್ಷಣ, ಹೀಗೆ ಒಂದರ ಬೆನ್ನಿಗೆ ಒಂದು ಹುಟ್ಟಿಕೊಂಡಿತು. ೧೮೦೬ರಲ್ಲಿ ಯೇನಾದ ರಣರಂಗದಲ್ಲಿ ನೆಪೋಲಿಯನ್ನನ ಕೈಯಲ್ಲಿ ಉಂಟಾದ ಸೋಲು ಈ ಕಥೆಯನ್ನು ಹತ್ತೊಂಬತ್ತನೆಯ ಶತಮಾನಕ್ಕೆ ತಂದು ಮುಟ್ಟಿಸಿತು. ಮರುವರ್ಷವೇ ರೈತರ ವಂಶಪಾರಂಪರ್ಯ ದಾಸ್ಯವನ್ನು ರದ್ದುಗೊಳಿಸುವ ಆಜ್ಞೆ ಹೊರಟಿತು. ೧೮೦೮ರಲ್ಲಿ ಪಟ್ಟಣಗಳಿಗೆ ಸ್ವಯಮಾಡಳಿತ, ೧೮೧೦ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ, ೧೮೧೪ರಲ್ಲಿ ಸಾರ್ವತ್ರಿಕ ಸೈನ್ಯಸೇವೆ. ರೈತನ ಬಿಡುಗಡೆಗೆ ಉದಾರ ಭಾವನೆಯೂ ಕಾರಣವಾಗಿದ್ದಿರಬಹುದು. ಆದರೆ ಆಳಿನ ಮನಸ್ಸಿನವನು ಹೋರಾಡಲಾರನೆಂಬ ಭಯವೇ ಅವಸರಪಡಿಸಿತು. ಇದೇ ಭಯ ಮುಂದೆ ಬೇರೊಂದು ಫಲವನ್ನೂ ಕೊಟ್ಟಿತು. ೧೮೬೨ರಿಂದ ನಾಲ್ಕು ವರ್ಷ ಬಿಸ್ಮಾರ್ಕನು ವಿಧಾನಸಭೆಯ ಒಪ್ಪಿಗೆಯಿಲ್ಲದೆಯೇ ದಂಡಿಗೆ ಹಣವನ್ನು ವೆಚ್ಚಮಾಡಿದನು. ೧೮೬೬ರಲ್ಲಿ ಆಸ್ಟ್ರಿಯವನ್ನು ಗೆದ್ದು ಬಂದ ಮೇಲೆ ಅದೇ ಸಭೆ ಆ ವೆಚ್ಚವನ್ನೆಲ್ಲ ಕ್ಷಮಿಸಿ ಮಂಜೂರು ಮಾಡಿತು. ೧೮೭೧ರ ತರುವಾಯದ ಜರ್ಮನಿಯಲ್ಲಿ ವ್ಯಾಪಾರಿಯ ಮಗನೂ ಅಧ್ಯಾಪಕನೂ ಮೀಸಲು ದಂಡಿನ ಅಧಿಕಾರಿಯೆನಿಸಿಕೊಳ್ಳುವುದನ್ನೇ ದೊಡ್ಡ ಮರ್ಯಾದೆಯೆಂದು ಭಾವಿಸುತ್ತಿದ್ದರು. ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ರಶಿಯಾ ಎಂಬ ಮಾತಿನ ಮುಂದೆ ಯಾವ ಸುಧಾರಕನ ವಾದವೂ ಬಹುಕಾಲ ನಿಲ್ಲುತ್ತಿರಲಿಲ್ಲ.

ಹಿಂಟ್ಸೆಯವರ ವಾದದಲ್ಲಿ ಪ್ರಶಿಯಾದ ಪಕ್ಷಪಾತವಿಲ್ಲದೆ ಇಲ್ಲ. ಗಡಿ ಕಷ್ಟದ್ದಾಗಿದ್ದುದರಿಂದ ಅರಸನು ಕಠಿಣನಾದನೆಂಬ ವಿವರಣೆ ಬಹುಬೇಗ ಸಮರ್ಥನೆಯಾಗಿ ತಿರುಗಿಕೊಳ್ಳುತ್ತದೆ. ಆದರೂ ಅವರ ಪ್ರಶ್ನೆ ಬೆಲೆಯುಳ್ಳದ್ದು. ಅದನ್ನು ಕನ್ನಡನಾಡಿನ ಹದಿನೆಂಟನೆಯ ಶತಮಾನಕ್ಕೆ ಹಾಕಿದಾಗ, ಹೈದರನ ಮಹತ್ವಾಕಾಂಕ್ಷೆ, ಟಿಪ್ಪುವಿನ ಮತನಿಷ್ಠೆ, ಪೇಶವೆಗಳ ಧನದಾಹ ಎಂದು ವ್ಯಕ್ತಿಗಳ ಗುಣದೋಷಗಳಿಂದ ವಿವರಿಸುತ್ತ ಬಂದ ಅನೇಕ ಸಂಗತಿಗಳು ಬೇರೆ ಬೆಳಕಿನಲ್ಲಿ ಕಾಣುತ್ತವೆ. ದಿಲ್ಲಿಯ ಬಾದಶಹನ ಹೆಸರು ನಾಣ್ಯದ ಮೇಲೆ ಉಳಿದಿದ್ದರೂ ಪುಣೆ, ಹೈದರಾಬಾದು, ಶ್ರೀರಂಗಪಟ್ಟಣಗಳು ಆಗ ವಸ್ತುತಃ ಸ್ವತಂತ್ರ ರಾಜ್ಯಗಳು. ಮದರಾಸಿನ ಇಂಗ್ಲಿಷ್ ಕಂಪನಿ ನಾಲ್ಕನೆಯದು. ಈ ನಾಲ್ವರಲ್ಲಿ ಒಬ್ಬರ ರಕ್ಷಣೆಯೆಂಬುದು ಇನ್ನೊಬ್ಬರ ಅಪಾಯವಾಗಿತ್ತು. ಅವರ ನಡುವೆ ಹಾದುಹೋದ ಗಡಿಯಾದರೋ ಕೃಷ್ಣೆಯಿಂದ ಕಾವೇರಿಯ ವರೆಗೆ ಬಹುತೇಕ ಕನ್ನಡ ನೆಲದ ಮೇಲೆಯೇ ಹಿಂದುಮುಂದು ಸರಿಯುತ್ತಿದ್ದಿತು.

ಈ ಕಥೆ ಒಂದು ಸಾಲದಿಂದ ಮೊದಲಾಗುತ್ತದೆ. ೧೭೫೫ರಲ್ಲಿ ನಿಜಾಮ ಸಲಾಬತಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತಾಗ ಮೈಸೂರಿನವರು ೫೬ ಲಕ್ಷ ರೂಪಾಯಿಗಳನ್ನು ಕೊಡಲು ಒಪ್ಪಬೇಕಾಯಿತು. ತಿರುಚಿನಾಪಳ್ಳಿಯ ವ್ಯರ್ಥ ದಂಡಯಾತ್ರೆಯಿಂದ ಬೊಕ್ಕಸ ಆಗಲೇ ಬರಿದಾಗಿದ್ದಿತು. ದೇವಾಲಯಗಳ ಒಡವೆಗಳನ್ನು ಸಹ ತೆಗೆದು ಒಂದಂಶವನ್ನು ಮಾತ್ರ ಸಲ್ಲಿಸಲಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ೧೭೫೭ರಲ್ಲಿ, ಪೇಶವೆ ಬಾಳಾಜಿ ಬಾಜೀರಾಯನು ಬಂದು ಅದೇ ಕೋಟೆಯನ್ನು ಮುತ್ತಿದನು. ಸರ್ವಾಧಿಕಾರಿ ನಂಜರಾಜನು ೩೨ ಲಕ್ಷಕ್ಕೆ ಒಪ್ಪಂದಮಾಡಿಕೊಂಡು, ನಗದೂ ಒಡವೆಯೂ ಸೇರಿ ಕೈಲಾದಷ್ಟನ್ನು ಕೊಟ್ಟು, ಉಳಿದುದಕ್ಕೆ ರಾಜ್ಯದ ಕೆಲವು ತಾಲೂಕುಗಳನ್ನೇ ಒತ್ತೆಯಿಟ್ಟನು. ಪುಣೆಯ ಕಾರಕೂನರು ಆ ತಾಲೂಕುಗಳಲ್ಲಿ ಕುಳಿತು ವಸೂಲಿಗೆ ಮೊದಲುಮಾಡಿದರು.

ಒತ್ತೆಯ ಪರಿಣಾಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಹುಟ್ಟುವಳಿ ಸಾಲಗಾರನ ಕೈತಪ್ಪಿತು. ದಂಡಿನ ಸಂಬಳ ನಿಂತಿತು. ೧೭೫೮ರಲ್ಲಿ ಸಂಬಳ ಬಾರದ ಸಿಪಾಯಿಗಳು ನಂಜರಾಜನ ಬಾಗಿಲಲ್ಲಿ ಧರಣಿ ಕುಳಿತು ಒಳಗಿನವರಿಗೆ ಅನ್ನನೀರನ್ನು ತಡೆದರು. ಆ ಸಂದರ್ಭದಲ್ಲಿ ಮುಂದೆ ಬಂದು ಲೆಕ್ಕಪತ್ರಗಳನ್ನು ತಪಾಸಣೆ ಮಾಡಿ ಬಾಕಿಯನ್ನು ತೀರಿಸಿಕೊಟ್ಟವನು ದಿಂಡಿಗಲ್ಲಿನ ಫೌಜದಾರ ಹೈದರಲ್ಲಿ. ಅವನ ಸಲಹೆಯಂತೆ ಒತ್ತೆಯ ತಾಲೂಕುಗಳಿಂದ ಪೇಶವೆಯ ಅಧಿಕಾರಿಗಳನ್ನು ಹೊರಡಿಸಿದುದರಿಂದ ೧೭೫೯ರಲ್ಲಿ ಗೋಪಾಳರಾವ ಪಟವರ್ಧನನು ಬಂದು ಬೆಂಗಳೂರನ್ನು ಮುತ್ತಿದನು. ಹೈದರನು ತಿಂಗಳುಗಟ್ಟಲೆ ಕಾದಾಡಿ ಕೊನೆಗೆ ಹಣವನ್ನು ಕೊಟ್ಟು ಸಾಲವನ್ನು ಇತ್ಯರ್ಥಮಾಡುವ ಒಪ್ಪಂದಕ್ಕೆ ಬಂದನು. ಆ ಹಣ ಎಲ್ಲಿಂದ ಬಂದಿತೆಂಬುದು ಗಮನಾರ್ಹ: ಒಂದಂಶ ಊರ ಶ್ರೀಮಂತರಿಂದ ಎತ್ತಿದ ನಜರಾಣೆ, ಉಳಿದುದಕ್ಕೆ ಸಾಹುಕಾರರು ಹೈದರನ ಸ್ವಂತ ಜಾಮೀನಿನ ಮೇಲೆ ಕೊಟ್ಟ ಸಾಲ. ರಾಜ್ಯದ ಪತ್ತು ಮುಳುಗಿದ್ದ ವೇಳೆಯಲ್ಲಿ ಒಬ್ಬ ಸೇನಾಪತಿಯ ಪತ್ತು ತೇಲುತ್ತಿದ್ದಿತು. ಜಾಮೀನಿಗೆ ಪ್ರತಿಯಾಗಿ ಬಿಡಿಸಿಕೊಂಡ ತಾಲೂಕುಗಳ ಆಡಳಿತ ಅವನ ವಶಕ್ಕೆ ಬಂದಿತು. ೧೭೬೧ರಲ್ಲಿ ಅವನು ರಾಜ್ಯವನ್ನು ಕಿತ್ತುಕೊಂಡನೆಂದು ಪಾಠಪುಸ್ತಕಗಳು ಹೇಳುತ್ತವೆ. ಅದರ ಮುಕ್ಕಾಲು ಪಾಲು ಅಷ್ಟರಲ್ಲೇ ಅವನಿಗೆ ಒತ್ತೆಬಿದ್ದು ಹೋಗಿತ್ತೆಂದರೆ ಹೆಚ್ಚು ತಪ್ಪಾಗಲಾರದು. ಪುಣೆಯ ದಂಡಯಾತ್ರೆಗಳು ಯಾವ ರಾಜ್ಯದಿಂದ ಹಣವನ್ನು ಹಿಂಡುತ್ತಿದ್ದವೋ ಆ ರಾಜ್ಯ ಅದೇ ಹಿಂಡುವಿಕೆಯಿಂದಲೇ ತಮ್ಮ ಅತಿ ಪ್ರಬಲ ಶತ್ರುವಿನ ಕೈಸೇರುವಂತೆ ಮಾಡಿದವು.

ಪುಣೆಯವರು ಕೇವಲ ಲೋಭದಿಂದ ಹೀಗೆ ಮಾಡಿದರೆನ್ನುವುದೂ ಸರಿಯಲ್ಲ. ಮರಾಠಾ ರಾಜ್ಯದ ದಂಡು ಸಾಲದ ಮೇಲೆ ನಡೆಯುತ್ತಿದ್ದಿತು. ದಸರೆಯಲ್ಲಿ ಸೀಮೋಲ್ಲಂಘನ ಮಾಡಿ ಹೊರಟ ಸೈನ್ಯ ಮಳೆಗಾಲದೊಳಗೆ ಖಂಡಣಿಯನ್ನು ತಂದರೆ ಮಾತ್ರ ಸಾಹುಕಾರರ ಬಾಕಿ ತೀರಿ ಮರುವರ್ಷದ ದಂಡು ಹೊರಡಬೇಕು. ಅದಲ್ಲದೆ ಪುಣೆಗೂ ಭಯವಿದ್ದಿತು. ೧೭೬೧ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಒಂದು ತಲೆಮಾರಿನ ಸರದಾರರೇ ಅಳಿದರು. ೧೭೬೩ರಲ್ಲಿ ನಿಜಾಮ ಅಲಿಯು ಪುಣೆಗೆ ನುಗ್ಗಿ ಊರನ್ನು ಸುಲಿದು ಸುಟ್ಟನು. ಪೇಠೆಯ ಜನ ಸುತ್ತಲಿನ ದುರ್ಗಗಳಿಗೆ ಓಡಿ ಜೀವ ಉಳಿಸಿಕೊಳ್ಳಬೇಕಾಯಿತು. ಅದೇ ವರ್ಷದ ಮೊದಲಲ್ಲಿ ಹೈದರನು ಬಿದನೂರನ್ನು ಗೆದ್ದು, ಮಲೆನಾಡಿನ ಆ ಐಶ್ವರ್ಯದ ಬಲದಿಂದ ತುಂಗಭದ್ರೆಯನ್ನು ದಾಟಿ ಸವಣೂರು, ಧಾರವಾಡಗಳ ಕಡೆಗೆ ಕೈಚಾಚಿದ್ದನು. ಹದಿನೆಂಟು ವರ್ಷದ ಮಾಧವರಾಯ ಪೇಶವೆಗೆ ಉತ್ತರದಲ್ಲಿ ಪಾಣಿಪತ್ತಿನ ಗಾಯ, ಪೂರ್ವದಲ್ಲಿ ನಿಜಾಮ, ದಕ್ಷಿಣದಲ್ಲಿ ಹೊಸ ಶತ್ರು, ಮನೆಯೊಳಗೆ ಚಿಕ್ಕಪ್ಪ ರಘುನಾಥರಾಯ. ಆಗಸ್ಟಿನಲ್ಲಿ ರಾಕ್ಷಸಭುವನದಲ್ಲಿ ನಿಜಾಮನನ್ನು ಸೋಲಿಸಿದ ಮೇಲೆ ಅವನು ಮಾಡಿದ ಏರ್ಪಾಡೇ ಉತ್ತರ ಕರ್ನಾಟಕದ ಮುಂದಿನ ಎರಡು ಶತಮಾನಗಳ ನಕಾಶೆಯನ್ನು ಬರೆದಿತು.

ಆ ಏರ್ಪಾಡು ಪಟವರ್ಧನರ ಸರಂಜಾಮು. ಕೊಂಕಣದ ಕೋತವಡೆಯಿಂದ ಬಂದು ಇಚಲಕರಂಜಿಯ ಘೋರ್ಪಡೆಯವರ ಆಶ್ರಯದಲ್ಲಿ ಬೆಳೆದ ಹರಿಭಟ್ಟನೆಂಬ ಪುರೋಹಿತನ ವಂಶ ಇದು. ೧೭೬೪ರಲ್ಲಿ ಈ ಮನೆತನದ ಗೋವಿಂದ ಹರಿ, ಪರಶುರಾಮ ರಾಮಚಂದ್ರ, ನೀಲಕಂಠ ತ್ರಿಂಬಕ ಎಂಬ ಮೂವರಿಗೆ ಮಿರಜಿನ ಸುತ್ತಿನಿಂದ ತುಂಗಭದ್ರೆಯ ದಿಕ್ಕಿನವರೆಗೆ ಚದುರಿದ ಭೂಮಿಗಳನ್ನು ಕೊಟ್ಟು, ಅದರ ಹುಟ್ಟುವಳಿಯಿಂದ ೮,೦೦೦ ಕುದುರೆಯ ದಂಡನ್ನು ಸಿದ್ಧವಾಗಿರಿಸಬೇಕೆಂದು ಕರಾರಾಯಿತು. ಕೊಲ್ಹಾಪುರ ಮತ್ತು ಮೈಸೂರಿನ ಎದುರಿಗೆ ಒಂದು ಜೀವಂತ ಕೋಟೆಯನ್ನು ಕಟ್ಟುವುದೇ ಇದರ ಉದ್ದೇಶ. ಸರಂಜಾಮು ಶಾಸ್ತ್ರತಃ ಇನಾಮಲ್ಲ. ಸೇವೆ ನಿಂತರೆ ಭೂಮಿ ಸರಕಾರಕ್ಕೆ ಹಿಂತಿರುಗಬೇಕು. ಕುದುರೆಗಳ ಹಾಜರಿಯನ್ನು ಪುಣೆಯಿಂದ ನೇಮಕವಾದ ದರಕದಾರರು ಪರೀಕ್ಷಿಸಬೇಕು. ಆದರೆ ಶತ್ರು ದಿನವೂ ಗಡಿಯಲ್ಲಿರುವಾಗ ಗಡಿಯ ಕಾವಲುಗಾರನನ್ನು ಎಬ್ಬಿಸುವ ಧೈರ್ಯ ಯಾರಿಗಿದ್ದೀತು? ತಂದೆಯ ತರುವಾಯ ಮಗ, ಅಣ್ಣನ ಪಾಲು, ತಮ್ಮನ ಪಾಲು ಎಂದು ಸೇವೆಯ ಭೂಮಿ ಮನೆತನದ ಆಸ್ತಿಯಾಗುತ್ತ ನಡೆಯಿತು.

ಈ ಸೇನಾಸಂಸಾರದ ದೈನಂದಿನ ಬಾಳನ್ನು ತಿಳಿಯಲು ಸಾಧನಗಳ ಕೊರತೆಯಿಲ್ಲ. ಮಿರಜಿನ ವಾಸುದೇವ ವಾಮನ ಖರೆಯವರು ಪಟವರ್ಧನರ ದಫ್ತರದ ಪತ್ರಗಳನ್ನು ‘ಐತಿಹಾಸಿಕ ಲೇಖಸಂಗ್ರಹ’ವೆಂಬ ಸಂಪುಟಗಳಾಗಿ ಪ್ರಕಟಿಸಿದರು, ಗೋ. ಸ. ಸರದೇಸಾಯಿಯವರು ೧೯೩೦ರಿಂದ ೧೯೩೪ರ ವರೆಗೆ ಪುಣೆಯ ಪೇಶವೆ ದಫ್ತರದಿಂದ ಆಯ್ದು ೪೫ ಸಂಪುಟಗಳನ್ನು ಸಂಪಾದಿಸಿದರು. ಕನ್ನಡಿಗರು ಈ ಮರಾಠಿ ಪತ್ರಗಳನ್ನು ಮರಾಠರ ಇತಿಹಾಸದ ಸಾಮಗ್ರಿಯೆಂದು ಬದಿಗಿಡುವುದುಂಟು. ಪತ್ರಗಳು ಬರೆಯಲ್ಪಟ್ಟ ಬಿಡಾರಗಳು ಧಾರವಾಡ, ಬಾದಾಮಿ, ಸವಣೂರು, ಶಿರಾಗಳ ಬಯಲಿನಲ್ಲಿದ್ದವು; ಅವುಗಳಲ್ಲಿ ಲೆಕ್ಕ ಹಾಕಿದ ಜೋಳ, ಕಡಲೆ, ಹುಲ್ಲುಗಳು ಕನ್ನಡ ರೈತರವು. ಪುಣೆಯಲ್ಲಿ ನೆಲೆಸಿದ ಕನ್ನಡ ವಿದ್ವಾಂಸರಿಗೆ ಇದಕ್ಕಿಂತ ಹತ್ತಿರದ ಗಣಿ ಇನ್ನೊಂದಿಲ್ಲ.

ಗಡಿಯ ಆಚೆಗೆ ಮೈಸೂರಿನಲ್ಲಿ ಅದೇ ಭಯ ತದ್ವಿರುದ್ಧವಾದ ರಚನೆಯನ್ನು ಹುಟ್ಟಿಸಿತು. ಮಾಧವರಾಯನು ೧೭೬೪–೬೫, ೧೭೬೭, ೧೭೬೯–೭೨ ಎಂದು ಮೂರು ಸಲ ಮೈಸೂರಿನ ಮೇಲೆ ದಂಡೆತ್ತಿದನು. ೧೭೬೪ರಲ್ಲಿ ರಟ್ಟಿಹಳ್ಳಿಯಲ್ಲಿಯೂ ೧೭೭೧ರಲ್ಲಿ ಚಿನಕುರಳಿಯಲ್ಲಿಯೂ ಹೈದರನ ದಂಡು ಮುರಿದುಹೋಯಿತು. ಮೂರು ಸಲವೂ ಹಣವನ್ನೂ ಪ್ರದೇಶವನ್ನೂ ಕೊಟ್ಟು ಅವನು ಉಳಿದುಕೊಂಡನು. ಈ ಸೋಲುಗಳಿಂದ ಕಲಿತ ಪಾಠ ಸ್ಪಷ್ಟವಾಗಿದ್ದಿತು: ಪಾಳೆಯಗಾರನ ಮೂಲಕ ಬರುವ ಕಪ್ಪ ಯುದ್ಧಕಾಲದಲ್ಲಿ ಬಾರದು, ಸಾಲದಕ್ಕೆ ಪಾಳೆಯಗಾರನು ಬಂದ ಶತ್ರುವಿನೊಡನೆ ಸೇರಿಕೊಳ್ಳುತ್ತಾನೆ. ಚಿತ್ರದುರ್ಗದ ಮದಕರಿನಾಯಕನು ಒಮ್ಮೆ ಹೈದರನ ಕಡೆಗೂ ಒಮ್ಮೆ ಮರಾಠರ ಕಡೆಗೂ ವಾಲಿದುದನ್ನು ದ್ರೋಹವೆಂದಾಗಲಿ ದೇಶಪ್ರೇಮವೆಂದಾಗಲಿ ಕರೆಯುವುದು ವ್ಯರ್ಥ. ಎರಡು ಆನೆಗಳ ನಡುವೆ ಸಿಕ್ಕವನ ನಡೆ ಅದು. ೧೭೭೯ರಲ್ಲಿ ದುರ್ಗ ಬಿದ್ದಾಗ ಸಾವಿರಾರು ಬೇಡರ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಹುಡುಗರನ್ನು ಚೇಲಾ ಪಟಾಲಮುಗಳಲ್ಲಿ ಸಿಪಾಯಿಗಳನ್ನಾಗಿ ಬೆಳೆಸಲಾಯಿತು.

ಪಾಳೆಯಪಟ್ಟುಗಳ ಸ್ಥಾನದಲ್ಲಿ ಸಂಬಳದ ಅಮಲ್ದಾರರು ಬಂದರು. ನಾಡಗೌಡರ, ಗುತ್ತಿಗೆದಾರರ ಕೈಯನ್ನು ತಪ್ಪಿಸಿ ಕಂದಾಯ ಸರ್ಕಾರಕ್ಕೆ ನೇರವಾಗಿ ಬರುವಂತೆ ಟಿಪ್ಪುವು ಇನ್ನಷ್ಟು ಬಿಗಿಮಾಡಿದನು. ಊರೂರಿನ ಕಂದಾಚಾರದ ಆಳುಗಳು ಶಾಂತಿಕಾಲದಲ್ಲಿ ಉತ್ತು, ಯುದ್ಧಕಾಲದಲ್ಲಿ ಕೋಟೆಯನ್ನು ಕಾಯುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳ ಹಿಂಡು ಅಮೃತಮಹಲಾಗಿ ವಿಸ್ತರಿಸಿತು. ಆ ಎತ್ತುಗಳು ಫಿರಂಗಿಗಳನ್ನು ಎಳೆದ ವೇಗವನ್ನು ಶತ್ರುಗಳೂ ಮೆಚ್ಚಿದರು, ಮತ್ತು ೧೭೯೯ರ ತರುವಾಯ ವೆಲ್ಲೆಸ್ಲಿಯು ಅವುಗಳನ್ನೇ ಬಳಸಿಕೊಂಡನು. ಟಿಪ್ಪುವಿನ ಎರಕದ ಮನೆಗಳು, ರೇಷ್ಮೆಯ ಕೃಷಿ, ಮಸ್ಕತ್ತಿನ ಕೋಠಿ, ೧೭೮೬ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೂ ೧೭೮೭ರಲ್ಲಿ ಫ್ರಾನ್ಸಿಗೂ ಹೊರಟ ರಾಯಭಾರಗಳು, ಇವೆಲ್ಲ ಒಬ್ಬ ಅರಸನ ಕುತೂಹಲಗಳೆಂಬಂತೆ ವರ್ಣಿತವಾಗುತ್ತವೆ. ಅವುಗಳ ಹಿಂದೆ ಒಂದೇ ಲೆಕ್ಕವಿದ್ದಿತು: ಸುತ್ತ ಮೂವರು ಶತ್ರುಗಳು, ನೆರವಿಗೆ ಯಾರೂ ಇಲ್ಲ. ಅಮೆರಿಕೆಯ ಇತಿಹಾಸಜ್ಞ ಬರ್ಟನ್ ಸ್ಟೈನರು ೧೯೮೫ರಲ್ಲಿ ಟಿಪ್ಪುವಿನ ರಾಜ್ಯವನ್ನು ದಂಡು ಮತ್ತು ಬೊಕ್ಕಸ ಪರಸ್ಪರ ಬೆಳೆಸಿದ ರಾಜ್ಯವೆಂದು ವಿವೇಚಿಸಿದಾಗ ಹಿಂಟ್ಸೆಯವರ ದಾರಿಯಲ್ಲೇ ನಡೆದರೆನ್ನಬಹುದು.

ಆದರೆ ಪ್ರಶಿಯಾದೊಡನೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಪ್ರಶಿಯಾದ ಅರಸರು ತಮ್ಮ ಜಮೀನ್ದಾರರನ್ನು, ಯುಂಕರುಗಳನ್ನು, ನಾಶಮಾಡಲಿಲ್ಲ. ರೈತರ ಮೇಲಿನ ಅಧಿಕಾರವನ್ನು ಅವರಿಗೇ ಬಿಟ್ಟುಕೊಟ್ಟು, ಅವರ ಮಕ್ಕಳನ್ನು ದಂಡಿನ ಅಧಿಕಾರಿಗಳನ್ನಾಗಿ ಪಡೆದರು. ಯೇನಾದಲ್ಲಿ ದಂಡು ಮುರಿದಾಗ ರಾಜ್ಯವನ್ನು ಮತ್ತೆ ಎತ್ತಿನಿಲ್ಲಿಸಲು ಒಂದು ವರ್ಗವಿದ್ದಿತು. ಮೈಸೂರಿನಲ್ಲಿ ಅರಸನಿಗೂ ರೈತನಿಗೂ ನಡುವೆ ಉಳಿದವರು ಸಂಬಳದ ನೌಕರರು ಮಾತ್ರ. ೧೭೯೨ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನೂ ಕೊಡಬೇಕಾಗಿ ಬಂದಾಗ ಟಿಪ್ಪುವಿಗೆ ಸಾಲ ಕೊಡುವ ಸಾಹುಕಾರರೂ ಉಳಿದಿರಲಿಲ್ಲವೆಂಬಂತೆ ಕಾಣುತ್ತದೆ. ವ್ಯಾಪಾರವನ್ನು ಸರ್ಕಾರದ ಕೋಠಿಗಳಿಗೆ ಸೆಳೆದುಕೊಂಡುದರ ಬೆಲೆ ಅದು. ಬೊಕ್ಕಸದಿಂದ ಕೊಟ್ಟುದು ಸಾಲದೆ ದಂಡಿನವರ ಮೇಲೆ, ಅಧಿಕಾರಿಗಳ ಮೇಲೆ, ಪ್ರಜೆಗಳ ಮೇಲೆ ವಂತಿಗೆ ಹೇರಲಾಯಿತು. ಉಳಿದ ಕಂತುಗಳಿಗೆ ಅವನ ಇಬ್ಬರು ಮಕ್ಕಳೇ ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಬಿಡಾರಕ್ಕೆ ಹೋದರು. ಹಣ ಸಂದ ಮೇಲೆ ೧೭೯೪ರಲ್ಲಿ ಹಿಂದಿರುಗಿದರು. ೧೭೫೭ರಲ್ಲಿ ತಾಲೂಕುಗಳು, ೧೭೯೨ರಲ್ಲಿ ಮಕ್ಕಳು.

ಭಯದಿಂದ ಹುಟ್ಟಿದ ಈ ಕಾಠಿಣ್ಯಕ್ಕೆ ಭಯವೇ ಸಮರ್ಥನೆಯಾಗದು. ೧೭೮೪ರಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರನ್ನೂ, ಮುಂದೆ ಕೊಡಗಿನವರನ್ನೂ ನೆಲದಿಂದ ಕಿತ್ತು ಶ್ರೀರಂಗಪಟ್ಟಣಕ್ಕೆ ಅಟ್ಟಿದುದು ಗಡಿಯ ನಿಷ್ಠೆಯ ಶಂಕೆಯಿಂದಲೇ ಇರಬಹುದು. ದಾರಿಯಲ್ಲಿ ಸತ್ತವರಿಗೆ ಆ ವಿವರಣೆಯಿಂದ ಏನೂ ಆಗಬೇಕಾದುದಿಲ್ಲ. ಅಂತೆಯೇ ೧೭೯೧ರಲ್ಲಿ ಪಟವರ್ಧನರ ದಂಡಿನೊಂದಿಗೆ ಬಂದ ಲೂಟಿಗಾರರು ಶೃಂಗೇರಿಯ ಮಠವನ್ನು ಸುಲಿದು ಶಾರದೆಯ ಮೂರ್ತಿಯನ್ನು ಸ್ಥಾನಭ್ರಷ್ಟಗೊಳಿಸಿದರು. ಪುನಃ ಪ್ರತಿಷ್ಠೆಗಾಗಿ ಜಗದ್ಗುರುಗಳಿಗೆ ನೆರವನ್ನು ಕಳುಹಿಸಿದವನು ಟಿಪ್ಪು. ಅವನ ಕನ್ನಡ ಪತ್ರಗಳನ್ನು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಯಾರನ್ನು ನಿಷ್ಠರೆಂದು ಎಣಿಸಬೇಕು, ಯಾರನ್ನು ಶಂಕಿಸಬೇಕೆಂಬುದನ್ನು ಆ ಕಾಲದಲ್ಲಿ ಮತವೊಂದೇ ನಿರ್ಣಯಿಸುತ್ತಿರಲಿಲ್ಲ.

ಎರಡೂ ರಚನೆಗಳ ನಡುವೆ ಸಿಕ್ಕಿದ ನಾಡು ಮಲಪ್ರಭೆಯಿಂದ ತುಂಗಭದ್ರೆಯ ವರೆಗಿನದು. ಸವಣೂರಿನ ನವಾಬನು ೧೭೫೬ರಲ್ಲಿ ಪೇಶವೆ ಮತ್ತು ನಿಜಾಮರ ಮುತ್ತಿಗೆಗೆ ಸಿಕ್ಕಿ ರಾಜ್ಯದ ದೊಡ್ಡ ಪಾಲನ್ನು ಕಳೆದುಕೊಂಡನು. ಮುಂದೆ ಹೈದರನ ಮನೆತನದೊಡನೆ ಮದುವೆಯ ಸಂಬಂಧವನ್ನು ಮಾಡಿಯೂ ನೆಮ್ಮದಿ ಕಾಣಲಿಲ್ಲ. ೧೭೮೬ರಲ್ಲಿ ಟಿಪ್ಪುವಿಗೆ ಹೆದರಿ ಮರಾಠರ ಬಿಡಾರಕ್ಕೆ ಓಡಿದನು. ನರಗುಂದದ ಭಾವೆ ಮನೆತನದ ವೆಂಕಟರಾಯನು ಮೈಸೂರಿಗೆ ಕಪ್ಪ ಕೊಡುತ್ತ ಪುಣೆಯ ಕಡೆಗೆ ಕಣ್ಣಿಟ್ಟಿದ್ದನು. ೧೭೮೫ರಲ್ಲಿ ಟಿಪ್ಪುವಿನ ದಂಡು ನರಗುಂದವನ್ನೂ ಕಿತ್ತೂರನ್ನೂ ತೆಗೆದುಕೊಂಡಿತು. ೧೭೮೬ರಲ್ಲಿ ಬಾದಾಮಿಯ ಮುತ್ತಿಗೆ ಮರಾಠರದು. ೧೭೮೭ರ ಗಜೇಂದ್ರಗಡದ ಒಪ್ಪಂದದಲ್ಲಿ ಇವೆಲ್ಲ ಮತ್ತೆ ಕೈಬದಲಾದವು. ೧೭೯೦ರ ಮಳೆಗಾಲ ಮುಗಿದುದು ಮೊದಲಾಗಿ ಮರುವರ್ಷದ ಏಪ್ರಿಲಿನ ವರೆಗೆ ಪರಶುರಾಮ ಭಾವೂ ಪಟವರ್ಧನನು ಧಾರವಾಡದ ಕೋಟೆಯನ್ನು ಮುತ್ತಿ ಕುಳಿತನು; ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನನು ಒಳಗಿನಿಂದ ಅದನ್ನು ಹಿಡಿದುಕೊಂಡಿದ್ದನು. ಆರು ತಿಂಗಳು ಸುತ್ತಲಿನ ಹೊಲಗಳಲ್ಲಿ ಯಾರ ಕುದುರೆಗಳು ಮೇದವೆಂಬುದನ್ನು ಊಹಿಸಬಹುದು.

ಈ ಭಾಗದ ಹಳ್ಳಿಗಳ ರೂಪದಲ್ಲಿಯೇ ಆ ಕಾಲ ಉಳಿದುಕೊಂಡಿದೆ. ಊರಿನ ಸುತ್ತ ಮಣ್ಣಿನ ಗೋಡೆ, ಒಳಹೋಗಲು ಒಂದು ಅಗಸಿ, ಕತ್ತಲಾದೊಡನೆ ಮುಚ್ಚುವ ಬಾಗಿಲು, ನಡುವೆ ದೇಸಾಯಿಯ ವಾಡೆ, ಎತ್ತರದ ದುಂಡು ಹುಡೆ. ರೈತನು ಹೊಲದಲ್ಲಿ ಮನೆ ಕಟ್ಟದೆ ಒತ್ತೊತ್ತಾಗಿ ಊರೊಳಗೆ ಬದುಕುವುದನ್ನು ಕೆಲವರು ಸಾಮಾಜಿಕ ಸ್ವಭಾವವೆಂದು ವಿವರಿಸಿದ್ದಾರೆ. ಸವಾರರ ಭಯವೂ ಅದಕ್ಕೆ ಸಾಕಷ್ಟು ಕಾರಣ. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಕೋಟೆಗೋಡೆಯ ಹಳ್ಳಿಗಳನ್ನೂ ಯುದ್ಧದಿಂದ ಪಾಳುಬಿದ್ದ ಊರುಗಳನ್ನೂ ಒಂದರ ಹಿಂದೊಂದಾಗಿ ದಾಖಲಿಸಿದನು. ಊರ ಗೌಡ, ಕುಲಕರ್ಣಿಗಳಿಗೆ ಎರಡು ಕಡೆಯ ಅಧಿಕಾರಿಗಳೊಡನೆ ಮಾತಾಡಿ ಊರನ್ನು ಉಳಿಸುವ ಕೌಶಲ ಬೇಕಾಯಿತು. ಆಯುಧ ಎಲ್ಲರ ಮನೆಯಲ್ಲಿಯೂ ಇದ್ದಿತು. ದಂಡು ಕರಗಿದಾಗ ಆ ಆಯುಧದವರು ಎಲ್ಲಿಗೆ ಹೋಗಬೇಕು? ಶ್ರೀರಂಗಪಟ್ಟಣದ ಸೆರೆಯಿಂದ ೧೭೯೯ರಲ್ಲಿ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘನು ಎರಡೂ ಕಡೆಯ ನಿರುದ್ಯೋಗಿ ಸವಾರರನ್ನು ಕೂಡಿಸಿ ಈ ಪ್ರದೇಶವನ್ನು ಒಂದು ವರ್ಷ ನಡುಗಿಸಿ, ೧೮೦೦ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯ ದಂಡಿನೆದುರು ಕೋಣಗಲ್ಲಿನಲ್ಲಿ ಬಿದ್ದನು.

ಭಾಷೆಯ ಮೇಲಾದ ಪರಿಣಾಮವೂ ಉಪೇಕ್ಷಣೀಯವಲ್ಲ. ಸರಂಜಾಮಿನ ಕಚೇರಿಗಳಲ್ಲಿ ಮರಾಠಿಯೂ ಮೋಡಿ ಲಿಪಿಯೂ ನೆಲೆಯಾದವು. ಮೈಸೂರಿನಲ್ಲಿಯೂ ಲೆಕ್ಕಗಳನ್ನು ಕನ್ನಡದೊಡನೆ ಮರಾಠಿಯಲ್ಲಿ ಇಡುತ್ತಿದ್ದರು, ಟಿಪ್ಪುವು ಫಾರಸಿಯನ್ನು ಸೇರಿಸಿದನು. ಆದುದರಿಂದ ಇದನ್ನು ಒಂದು ಭಾಷೆಯ ಮೇಲೆ ಇನ್ನೊಂದರ ಆಕ್ರಮಣವೆಂದು ಸರಳವಾಗಿ ಹೇಳಲಾಗದು. ವ್ಯತ್ಯಾಸವಿಷ್ಟೆ: ಮೈಸೂರಿನಲ್ಲಿ ಕಚೇರಿಯ ತುದಿ ಕನ್ನಡಿಗರ ನಡುವೆಯೇ ಇದ್ದಿತು, ಉತ್ತರದಲ್ಲಿ ಅದು ಮಿರಜು, ತಾಸಗಾವಿಗಳ ಮೂಲಕ ಪುಣೆಗೆ ಹೋಗಿ ಮುಟ್ಟುತ್ತಿದ್ದಿತು. ಧಾರವಾಡದಲ್ಲಿ ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಅದು ಎದುರಿಸಿದ ಪರಿಸ್ಥಿತಿಯ ಬೇರು ಇಲ್ಲಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಪಟವರ್ಧನರು ಯಾವ ಶತ್ರುವಿಗಾಗಿ ಕುದುರೆಗಳನ್ನು ಸಾಕುತ್ತಿದ್ದರೋ ಆ ಶತ್ರುವೇ ಇಲ್ಲವಾದನು. ಆಗ ಎರಡನೆಯ ಬಾಜೀರಾಯ ಪೇಶವೆ ಕರಾರಿನ ಮೂಲ ಶರ್ತವನ್ನು ನೆನಪಿಸಿಕೊಂಡು ಭೂಮಿಯನ್ನು ಹಿಂದಕ್ಕೆ ಪಡೆಯಲು ಹವಣಿಸಿ, ಜಗಳ ಬೆಳೆದು, ೧೮೧೨ರಲ್ಲಿ ಪಂಢರಪುರದಲ್ಲಿ ಇಂಗ್ಲಿಷ್ ರೆಸಿಡೆಂಟ್ ಎಲ್ಫಿನ್‌ಸ್ಟನ್ನನ ಮಧ್ಯಸ್ಥಿಕೆಯಿಂದ ತೀರ್ಮಾನವಾಯಿತು. ಕಾವಲುಗಾರರೂ ಒಡೆಯನೂ ಮೂರನೆಯವನ ಮುಂದೆ ನ್ಯಾಯಕ್ಕೆ ನಿಂತ ಮೇಲೆ ಉಳಿಯುವುದೇನು? ಇದೇ ಬಾಜೀರಾಯನು ಕಿತ್ತೂರಿನ ಮಲ್ಲಸರ್ಜ ದೇಸಾಯಿಯನ್ನು ಹಿಡಿದು ತಂದು ಪುಣೆಯಲ್ಲಿರಿಸಿದ್ದನು. ಬಿಡುಗಡೆಯಾಗಿ ಹಿಂದಿರುಗುತ್ತಿದ್ದ ಆತನು ೧೮೧೬ರಲ್ಲಿ ಸತ್ತನು. ೧೮೨೪ರಲ್ಲಿ ಇಂಗ್ಲಿಷರನ್ನು ಎದುರಿಸಿದ ಚೆನ್ನಮ್ಮ ಅವನ ವಿಧವೆ. ೧೮೧೭ರ ನವೆಂಬರ ೫ರಂದು ಖಡಕಿಯಲ್ಲಿ ಕಾಳಗ ನಡೆದ ತರುವಾಯ ಮನ್ರೋನು ಧಾರವಾಡದಿಂದ ಹೊರಟು, ಹೆಚ್ಚಿನ ದಂಡಿಲ್ಲದೆ, ಊರಿನ ಆಳುಗಳನ್ನೇ ಕೂಡಿಸಿ ಠಾಣೆಯ ಮೇಲೆ ಠಾಣೆಯನ್ನು ತೆಗೆದುಕೊಂಡನು. ಪಟವರ್ಧನರಲ್ಲಿ ಬಹುತೇಕರು ಪೇಶವೆಗಾಗಿ ಕೊನೆಯವರೆಗೆ ಕಾದಲಿಲ್ಲ. ಅದಕ್ಕೆ ಪ್ರತಿಯಾಗಿ ಅವರ ಭೂಮಿ ಉಳಿಯಿತು. ಕುದುರೆಯ ಸೇವೆ ಕೆಲವು ವರ್ಷಗಳಲ್ಲಿ ಹಣಕ್ಕೋ ಭೂಮಿಗೋ ಪರಿವರ್ತನೆಯಾಗಿ ಕಡಿದುಹೋಯಿತು.

ಆಯುಧಗಳು ಮಾತ್ರ ಊರುಗಳಲ್ಲಿ ಉಳಿದಿದ್ದವು. ೧೮೫೭ರಲ್ಲಿ ಇಂಗ್ಲಿಷರು ಅವುಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರ ಲಾವಣಿಯನ್ನು ಫ್ಲೀಟರು ೧೮೮೫ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಮಾಡಿದರು. ನೂರು ವರ್ಷ ಪುಣೆಗೂ ಶ್ರೀರಂಗಪಟ್ಟಣಕ್ಕೂ ಆಯುಧದ ಸೇವೆ ಮಾಡಿ ಮರ್ಯಾದೆ ಪಡೆದಿದ್ದ ಜನಕ್ಕೆ ಆಯುಧವೆಂದರೆ ಬರಿಯ ಸಾಮಾನಾಗಿರಲಿಲ್ಲ.

ಇನ್ನು ನಕಾಶೆಯ ಮಾತು. ೧೮೩೪ರಲ್ಲಿ ಜರ್ಮನ್ ಸಂಸ್ಥಾನಗಳು ಸುಂಕದ ಒಕ್ಕೂಟದಿಂದ ತಮ್ಮ ನಡುವಣ ನಾಕೆಗಳನ್ನು ಕಿತ್ತುಹಾಕತೊಡಗಿದ್ದ ಕಾಲಕ್ಕೆ ಪಟವರ್ಧನರ ಪಾಲುಗಳು ಆಗಲೇ ಒಡೆದುಹೋಗಿದ್ದವು: ೧೮೦೧ರಲ್ಲಿ ಮಿರಜಿನಿಂದ ಸಾಂಗಲಿ ಬೇರೆಯಾಯಿತು, ೧೮೧೧ರಲ್ಲಿ ಜಮಖಂಡಿ, ೧೮೨೦ರಲ್ಲಿ ಮಿರಜೇ ಹೋಳಾಯಿತು. ಸೇವೆಗಾಗಿ ಎಲ್ಲೆಲ್ಲಿ ಹುಟ್ಟುವಳಿ ಸಿಕ್ಕಿತೋ ಅಲ್ಲಲ್ಲಿ ಕೊಟ್ಟ ಹಳ್ಳಿಗಳಾದುದರಿಂದ ಒಂದು ಸಂಸ್ಥಾನವೂ ಒಂದೇ ತುಣುಕಿನಲ್ಲಿರಲಿಲ್ಲ. ಬೆಳಗಾವಿಗೆ ತಾಗಿದ ಶಹಾಪುರ ಸಾಂಗಲಿಯದು. ಪಟ್ಟಣದ ಒಂದು ಓಣಿಯಿಂದ ಇನ್ನೊಂದಕ್ಕೆ ಹೋದರೆ ಕಾಯದೆ ಬದಲಾಗುತ್ತಿತ್ತು. ಹುಬ್ಬಳ್ಳಿಯಿಂದ ತೆಂಕಣ ಮೂಡಲಿಗೆ ಚಕ್ಕಡಿ ಕಟ್ಟಿಕೊಂಡು ಹೊರಟ ಅರಳೆಯ ವ್ಯಾಪಾರಿಗೆ ಮೊದಲು ಸಿಗುವ ಕುಂದಗೋಳ ಜಮಖಂಡಿಯದು, ಮುಂದಿನ ಗುಡಗೇರಿ ಕಿರಿಯ ಮಿರಜಿನದು, ಲಕ್ಷ್ಮೇಶ್ವರ ಹಿರಿಯ ಮಿರಜಿನದು, ಶಿರಹಟ್ಟಿ ಸಾಂಗಲಿಯದು. ಎರಡು ದಿನದ ಹಾದಿಯಲ್ಲಿ ನಾಲ್ವರು ಅರಸರು, ಎಡೆಯಲ್ಲಿ ಅಲ್ಲಲ್ಲಿ ಇಂಗ್ಲಿಷ್ ಹಳ್ಳಿಗಳು. ೧೯೪೮ರ ಮಾರ್ಚ್ ೮ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರ ನವೆಂಬರ ೧ರಂದು ಕುಂದಗೋಳ, ಗುಡಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಗಳು ಜಮಖಂಡಿ, ಶಹಾಪುರಗಳೊಡನೆ ಮೈಸೂರು ರಾಜ್ಯಕ್ಕೆ ಸೇರಿದವು. ಅವುಗಳ ಹಳೆಯ ರಾಜಧಾನಿಗಳಾದ ಸಾಂಗಲಿ, ಮಿರಜುಗಳು ಗಡಿಯ ಆಚೆಗೆ ಉಳಿದವು.